ಉತ್ತರಕ್ಕೆ ರಸ್ತೆ

ಇನ್ನು ಮೇಲೆ ನಮ್ಮ ಮನೆಯಲ್ಲಿ ಯಾವ ಹೊತ್ತಿನಲ್ಲಿ ಬೇಕಾದರೂ ಮಿಕ್ಸಿ ಹಾಕಬಹುದು. ಕಳೆದ ಆರು ವರ್ಷ ಹಾಗಿರಲಿಲ್ಲ. ಚಟ್ನಿಗೆ ಕಾಯಿ ತುರಿದು, ಜಾರ್ ಕೂರಿಸಿ, ಗುಂಡಿ ತಿರುಗಿಸಿದ ಎರಡನೇ ನಿಮಿಷಕ್ಕೆ ಶಿಕಾರಿಪುರದಿಂದ ಫೋನು ಬರುತ್ತಿತ್ತು.

"ಮೇಡಂ, ಮಿಕ್ಸಿ ನಿಲ್ಸ್ರಿ. ಜಪಾನ್ ಬಂದೈತಿ."

ಜಪಾನ್ ಹೋಗುವವರೆಗೆ ನಮ್ಮ ದೋಸೆ ಕಾಯಬೇಕು. ನಮ್ಮ ಯಜಮಾನರು ತಟ್ಟೆ ಮುಂದಿಟ್ಟುಕೊಂಡು, "ಬೆಲ್ಲ ಹಾಕಿಬಿಡೆ, ಜಪಾನಿನವರು ಬೇಗ ಏಳುವ ಜನ ಅಲ್ಲ" ಎನ್ನುತ್ತಿದ್ದರು.

ಫೋನು ಮಾಡುತ್ತಿದ್ದವರು ನಮ್ಮ ಸರ್ವೆಯರು. ನಾನೂ ಅವರೂ ಇಪ್ಪತ್ತೆರಡು ವರ್ಷ ಒಂದೇ ಕಚೇರಿಯಲ್ಲಿದ್ದೆವು. ಅವರು ಜಮೀನು ಅಳೆಯುವವರು, ನಾನು ಅವರು ಅಳೆದದ್ದನ್ನು ದಾಖಲೆ ಕೋಣೆಯಲ್ಲಿ ಕಟ್ಟಿಡುವವಳು. ನಿವೃತ್ತಿಯಾದ ಮೇಲೆ ಅವರು ಶಿಕಾರಿಪುರದಲ್ಲಿ ಉಳಿದರು, ನಾನು ಸೊರಬದಲ್ಲಿ. ನಡುವೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಅಷ್ಟು ದೂರ ಕೂತ ಮನುಷ್ಯನಿಗೆ ನನ್ನ ಮಿಕ್ಸಿ ಕೇಳಿಸುತ್ತಿದ್ದುದು ಹೇಗೆಂದರೆ, ಅವರ ರೇಡಿಯೋ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು, ಅದರ ಆಂಟೆನಾ ನಮ್ಮ ತಾರಸಿಯ ಮೇಲಿತ್ತು. ಎರಡನ್ನೂ ಅವರು ಶಿಕಾರಿಪುರದ ತಮ್ಮ ಮಂಚದ ಮೇಲೆ ಕೂತು, ಲ್ಯಾಪ್‌ಟಾಪಿನಿಂದ, ಇಂಟರ್ನೆಟ್ಟಿನ ಮೂಲಕ ಆಡಿಸುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಎಪ್ಪತ್ತೆರಡು ವಯಸ್ಸು. ಊಟ ಮಾಡಿ ಮಲಗಿದವರು ಸಂಜೆ ಕಾಫಿಗೆ ಏಳಲಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಳು.

ಅವರ ಹುಚ್ಚಿಗೆ ಹ್ಯಾಮ್ ರೇಡಿಯೋ ಎಂದು ಹೆಸರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಮನೆಯಲ್ಲೇ ಕೂತು ದೇಶದೇಶದ ಹವ್ಯಾಸಿಗಳ ಜೊತೆ ಮಾತಾಡುವುದು. ಏನು ಮಾತಾಡುತ್ತಾರೆ ಎಂದು ಒಮ್ಮೆ ಕುತೂಹಲದಿಂದ ಕಿವಿಗೊಟ್ಟೆ. ನೀನು ನನಗೆ ಕೇಳಿಸುತ್ತಿದ್ದೀಯ, ನಾನು ನಿನಗೆ ಕೇಳಿಸುತ್ತಿದ್ದೇನೆಯೆ? ಹಾಂ, ಕೇಳಿಸುತ್ತಿದ್ದೀಯ. ಸರಿ, ನಮಸ್ಕಾರ. ಇಷ್ಟನ್ನು ನಮ್ಮ ಬೀದಿಯವರು ದಿನಾ ಬೇಲಿ ಆಚೆ ಈಚೆ ನಿಂತು ಮಾಡುತ್ತಾರೆ, ಯಾರೂ ಪರವಾನಗಿ ಕೇಳುವುದಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

ರೇಡಿಯೋದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ 'ಇನ್ನು ನಿಮ್ಮದು' ಎಂದು ಬಿಟ್ಟುಕೊಡಬೇಕು. ಈ ಅಭ್ಯಾಸ ಅವರ ಫೋನಿಗೂ ಹತ್ತಿತ್ತು. "ಮೇಡಂ, ಅಲ್ಲಿ ಕರೆಂಟ್ ಐತಾ, ಇನ್ನು ನಿಮ್ದು" ಎನ್ನುತ್ತಿದ್ದರು. ನಾನು 'ಇದೆ' ಎಂದು ಸುಮ್ಮನಾದರೆ ಅವರೂ ಸುಮ್ಮನೆ. ನಾನು 'ಇನ್ನು ನಿಮ್ಮದು' ಅಂದಮೇಲೆಯೇ ಮುಂದಿನ ಮಾತು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ನಾನೂ ತರಕಾರಿಯವನಿಗೆ ಹಾಗೇ ಅಂದುಬಿಟ್ಟಿದ್ದೇನೆ.

ಕಚೇರಿಯಲ್ಲಿದ್ದಾಗಲೂ ಅವರ ಮಾತು ಕಡಿಮೆ, ಗತ್ತು ಜಾಸ್ತಿ. ಕೈ ಬಾಯಿ ಎರಡೂ ಶುದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಎಳೆದ ಗೆರೆ ತಪ್ಪು ಎಂದು ಯಾರಾದರೂ ಅಂದರೆ ಮುಗಿಯಿತು. ಹೊಲದಲ್ಲಿ ರೈತರು ಹಿಂಜರಿಯುತ್ತಲೇ, "ಸಾಹೇಬ್ರೆ, ಇದು ತುಸು ಆಚೆ ಹೋತೇನೋ" ಅಂದರೆ, ನಕ್ಷೆ ಮಡಚಿ, ಛತ್ರಿ ಕಂಕುಳಿಗೆ ಸೇರಿಸಿ, ಜೀಪು ನಿಂತ ಕಡೆ ನಡೆದುಬಿಡುತ್ತಿದ್ದರಂತೆ. ಅದಕ್ಕೆ ಹೆದರಿ ಜನ ಕೈ ಕಟ್ಟಿಕೊಂಡು ಬದುವಿನ ಮೇಲೆ ನಿಲ್ಲುತ್ತಿದ್ದರು. ಕಚೇರಿಯಲ್ಲಿ ನಾವೂ ಅಷ್ಟೇ. ಒಮ್ಮೆ ಅವರ ಕಡತದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದ್ದನ್ನು ನಾನು ತೋರಿಸಿದೆ. ಹದಿನೈದು ದಿನ ನನ್ನ ಜೊತೆ ಮಾತಿಲ್ಲ. ಹದಿನಾರನೇ ದಿನ ಬಂದು, "ಆ ಸೊನ್ನೆ ಸರಿ ಮಾಡೀನಿ" ಎಂದು ಹೇಳಿ ಹೋದರು.

ಅವರ ಆಂಟೆನಾ ನಮ್ಮ ತಲೆಯ ಮೇಲೆ ಬಂದ ಕಥೆ ಹೀಗೆ. ಶಿಕಾರಿಪುರದ ಅವರ ಮನೆಯ ಪಕ್ಕ ಹಿಟ್ಟಿನ ಗಿರಣಿ, ಎದುರಿಗೆ ಟ್ರಾನ್ಸ್‌ಫಾರ್ಮರ್. ರೇಡಿಯೋ ಹಾಕಿದರೆ ಬರೀ ಗೊರಗೊರ. ಆಂಟೆನಾ ಇನ್ನೂ ಎತ್ತರಕ್ಕೆ ಹಾಕುತ್ತೇನೆಂದು ಏಣಿ ಹತ್ತಿ, ಬಿದ್ದು, ಕಾಲು ಮುರಿದುಕೊಂಡರು. ನೋಡಲು ಹೋದಾಗ ಮಂಚದಲ್ಲಿ ಮಲಗಿದ್ದವರು ನೋವಿನ ವಿಷಯ ಎತ್ತಲಿಲ್ಲ. "ಮೇಡಂ, ನಿಮ್ಮನೆ ದಿಬ್ಬದ ಮ್ಯಾಲೈತಿ. ಸುತ್ತ ಗಿರಣಿ ಇಲ್ಲ" ಅಂದರು. ಯಜಮಾನರು ಕಿತ್ತಳೆ ಹಣ್ಣು ಸುಲಿಯುತ್ತಾ ಯೋಚನೆ ಇಲ್ಲದೆ, "ಅದಕ್ಕೇನ್ರಿ, ಹಾಕಿ" ಎಂದರು. ಹಾಗೆ ಶುರುವಾಯಿತು.

ಆಂಟೆನಾ ನಿಲ್ಲಿಸಲು ವೆಲ್ಡಿಂಗ್ ಶಾಪಿನವರು ಬಂದರು. ಕಬ್ಬಿಣದ ಕಂಬ, ಅದರ ತುದಿಯಲ್ಲಿ ಉದ್ದ ಅಲ್ಯೂಮಿನಿಯಂ ಕೊಳವೆ, ಕೊಳವೆಗೆ ಅಡ್ಡಡ್ಡ ಕಡ್ಡಿಗಳು. ಈ ಜಾತಿಯ ಆಂಟೆನಾಕ್ಕೆ ಮೂತಿ ಇದೆ. ಯಾವ ದೇಶದ ಮಾತು ಬೇಕೋ ಆ ದೇಶದ ಕಡೆಗೆ ಮೂತಿ ತಿರುಗಿಸಬೇಕು. ಅದಕ್ಕೆ ಮೊದಲು ಉತ್ತರ ಎಲ್ಲಿ ಎಂದು ಗೊತ್ತುಮಾಡಿ, ಅಲ್ಲಿ ಸೊನ್ನೆ ಎಂದು ಗುರುತು ಹಾಕಬೇಕು. ವೆಲ್ಡಿಂಗಿನವರು, "ಫೋನಲ್ಲಿ ದಿಕ್ಸೂಚಿ ಇದೆ, ನೋಡ್ಲಾ?" ಎಂದರು. ಮಂಚದಲ್ಲಿದ್ದ ಸರ್ವೆಯರಿಗೆ ಫೋನಿನಲ್ಲಿ ಅದು ಕೇಳಿಸಿತು.

"ಫೋನಿನ ದಿಕ್ಸೂಚಿ ಕಬ್ಬಿಣ ಕಂಡ್ರೆ ಬೆಪ್ಪಾಗ್ತೈತಿ. ಅದ್ಯಾಕೆ ಬೇಕು? ಮೇಡಂ, ನಿಮ್ಮ ಸೈಟ್ ಅಳೆದವನು ನಾನು. ಚಕ್ಕುಬಂದಿ ನನಗೆ ಬಾಯಿಪಾಠ. ಪೂರ್ವಕ್ಕೆ ಖಾಲಿ ನಿವೇಶನ, ಪಶ್ಚಿಮಕ್ಕೆ ಮೇಷ್ಟ್ರ ಮನೆ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ರಸ್ತೆ. ಮೂತಿನ ರಸ್ತೆ ಕಡೆ ಮಾಡಿ ಬೋಲ್ಟ್ ಬಿಗೀರಿ. ಇನ್ನು ನಿಮ್ದು."

ಚಕ್ಕುಬಂದಿ ಎಂದರೆ ಪತ್ರದಲ್ಲಿ ಜಾಗದ ನಾಲ್ಕು ಕಡೆ ಏನೇನಿದೆ ಎಂದು ಬರೆಯುವುದು. ನಮ್ಮ ಪತ್ರದಲ್ಲಿ ಅವರ ಅಕ್ಷರದಲ್ಲೇ ಹಾಗಿತ್ತು. ಮೂತಿ ರಸ್ತೆಗೆ ಮಾಡಿ, ಅದೇ ಸೊನ್ನೆ ಎಂದು ಗುರುತು ಹಾಕಿ, ಕಂಬದ ಬೋಲ್ಟ್ ಬಿಗಿದೆವು.

ಮೊದಲ ಎರಡು ತಿಂಗಳು ಅದನ್ನು ತಿರುಗಿಸುವ ಯಂತ್ರ ಇರಲಿಲ್ಲ. ನಾನೇ ಯಂತ್ರ. ಕೊಳವೆಯ ತುದಿಗೆ ಒಂದು ಹಗ್ಗ. ಫೋನು ಕಿವಿಗೂ ಭುಜಕ್ಕೂ ನಡುವೆ. "ಇನ್ನೊಂದು ನಾಕು ಬೆರಳು ಮೂಡಲಿಗೆ, ಮೇಡಂ. ಹೆಚ್ಚಾತು. ಒಂದು ಬೆರಳು ಹಿಂದಕ್ಕೆ." ಎದುರು ಮನೆಯಾಕೆ ಬಟ್ಟೆ ಒಣಗಿಸುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮೊಮ್ಮಕ್ಕಳಿರುವ ಹೆಂಗಸು ತಾರಸಿಯ ಮೇಲೆ ಹಗ್ಗ ಹಿಡಿದು ನಿಂತು ಆಸ್ಟ್ರೇಲಿಯಾ ಹುಡುಕುತ್ತಿದ್ದಾಳೆ ಎಂದು ಆಕೆಗೆ ಹೇಗೆ ವಿವರಿಸುವುದು? ಟೀವಿ ಸರಿ ಬರುತ್ತಿಲ್ಲ ಎಂದೆ.

ಆಮೇಲೆ ಮೋಟಾರು ಬಂತು. ಅದಕ್ಕೆ ಹ್ಯಾಮಿನವರು ರೋಟೇಟರ್ ಎನ್ನುತ್ತಾರೆ, ಸರ್ವೆಯರು ತಿರುಗಣಿ ಎನ್ನುತ್ತಿದ್ದರು. ಜೊತೆಗೊಂದು ಪುಟ್ಟ ಡಬ್ಬಿ, ಇಂಟರ್ನೆಟ್ಟಿನ ತಂತಿ. ಅಂದಿನಿಂದ ಶಿಕಾರಿಪುರದಲ್ಲಿ ಅವರು ಎಪ್ಪತ್ತು ಡಿಗ್ರಿ ಎಂದು ಒತ್ತಿದರೆ ಸೊರಬದಲ್ಲಿ ನಮ್ಮ ತಾರಸಿ ಗುರ್ ಎನ್ನುತ್ತಿತ್ತು. ನಾನು ಸೇವೆಯಿಂದ ಎರಡನೇ ಸಲ ನಿವೃತ್ತಳಾದೆ. ಆದರೆ ಯಜಮಾನರು ಒಂದು ದಿನ ಬುದ್ಧಿವಂತಿಕೆ ಮಾಡಿ ಆ ಕೊಳವೆಯ ತುದಿಯಿಂದ ಗೋಡೆಯ ಮೊಳೆಗೆ ದಾರ ಕಟ್ಟಿ ಪಂಚೆ ಹರವಿದರು. ಶಿಕಾರಿಪುರದವರಿಗೆ ಆ ಕ್ಷಣವೇ ಇಟಲಿ ಬೇಕಾಯಿತು. ಮೊಳೆ ಕಿತ್ತು ಬಂತು. ನಮ್ಮ ಮನೆಯ ಪಂಚೆ ಇಡೀ ಬೀದಿಯ ಮುಂದೆ ನಿಧಾನವಾಗಿ ಅರ್ಧ ಪ್ರದಕ್ಷಿಣೆ ಹಾಕಿ ನಿಂತಿತು. ಫೋನು ಮಾಡಿ ಬೈದೆ. "ಅದಕ್ಕೇ ಸಿಗ್ನಲ್ ತೂಗಾಡಿದ್ದು" ಎಂದು ಅವರಿಗೆ ಸಮಾಧಾನವಾಯಿತು. ಗುಡವಿ ಕೆರೆಯ ಕಡೆಯಿಂದ ಹಾದುಹೋಗುವ ಉದ್ದ ಕೊಕ್ಕಿನ ಬಿಳಿ ಹಕ್ಕಿಗಳೂ ಒಮ್ಮೊಮ್ಮೆ ಅದರ ಮೇಲೆ ಕೂತು, ಅವರು ತಿರುಗಿಸಿದಾಗ ಹಾರದೆ ಹಾಗೇ ಒಂದು ಸುತ್ತು ಬರುತ್ತಿದ್ದವು.

ಇಷ್ಟಾದರೂ ಅವರಿಗೊಂದು ಕೊರಗಿತ್ತು. ಲೆಕ್ಕದ ಪ್ರಕಾರ ಯಾವ ದಿಕ್ಕಿಗೆ ಮೂತಿ ಮಾಡಬೇಕೋ ಆ ದಿಕ್ಕಿನಲ್ಲಿ ದನಿ ಮೆತ್ತಗೆ, ಮಾಡಬಾರದ ಕಡೆ ಜೋರು. ಬೇರೆ ಯಾರಾದರೂ ಆಗಿದ್ದರೆ ನಮ್ಮ ಗುರುತೇ ತಪ್ಪಿರಬೇಕು ಎಂದುಕೊಳ್ಳುತ್ತಿದ್ದರು. ಇವರು, "ಈಗೀಗ ರೇಡಿಯೋ ಅಲೆ ನೆಟ್ಟಗೆ ಬರ್ತಿಲ್ಲ ಮೇಡಂ, ಓರೆ ಬರ್ತದಾವೆ" ಎಂದು ಭೂಮಂಡಲದ ಮೇಲೆ ತಪ್ಪು ಹೊರಿಸಿದರು.

ನಿಜ ಗೊತ್ತಾದದ್ದು ನನಗೆ, ಶ್ರಾವಣದಲ್ಲಿ. ಸೋಲಾರ್ ನೀರಿನ ಟ್ಯಾಂಕು ಕೂರಿಸಲು ಒಬ್ಬ ಗಂಡಸು ಬಂದಿದ್ದ. ಅದನ್ನು ದಕ್ಷಿಣಕ್ಕೆ ಮುಖ ಮಾಡಿ ಇಡಬೇಕಂತೆ. ರಸ್ತೆಗೆ ಬೆನ್ನು ಮಾಡಿದರೆ ದಕ್ಷಿಣ ಎಂದೆ. ಅವನು ದಿಕ್ಸೂಚಿ ನೋಡಿ ತಲೆಯಾಡಿಸಿದ. "ಇಲ್ಲ ಮೇಡಂ, ನಿಮ್ಮ ರಸ್ತೆ ಉತ್ತರಕ್ಕಿಲ್ಲ, ಈಶಾನ್ಯಕ್ಕಿದೆ." ನಾನು ಒಳಗೆ ಹೋಗಿ ಪತ್ರ ತಂದು ತೋರಿಸಿದೆ. ಅವನು ಪತ್ರ ನೋಡಿದ, ನನ್ನನ್ನು ನೋಡಿದ. "ಬೆಳಿಗ್ಗೆ ಸೂರ್ಯ ಎಲ್ಲಿ ಹುಟ್ತಾನೆ ನಿಮ್ಮನೇಲಿ?" ಎಂದು ಕೇಳಿದ.

ಸೂರ್ಯ ನಮ್ಮನೆಯಲ್ಲಿ ಮೂಲೆಯಿಂದ ಹುಟ್ಟುತ್ತಾನೆ. ಇಪ್ಪತ್ತೈದು ವರ್ಷದಿಂದ ಮೂಲೆಯಿಂದಲೇ. ನಾನು ಅದನ್ನು ನೋಡುತ್ತಲೇ ಬಂದಿದ್ದೆ, ಏನೂ ಅನ್ನಿಸಿರಲಿಲ್ಲ. ದಾಖಲೆ ಕೋಣೆಯಲ್ಲಿ ಆಯಸ್ಸು ಕಳೆದವಳಿಗೆ ಪತ್ರದಲ್ಲಿ ಉತ್ತರ ಎಂದಿದ್ದರೆ ಉತ್ತರ. ಸೂರ್ಯ ಓರೆ ಇದ್ದರೆ ಅದು ಸೂರ್ಯನ ಪಾಡು.

ಈಗ ಸರ್ವೆಯರಿಗೆ ಹೇಳಬೇಕಿತ್ತು. ಆರು ವರ್ಷದಿಂದ ಅವರ ಆಂಟೆನಾ ಲೋಕವನ್ನೆಲ್ಲ ಸೊಟ್ಟಗೆ ನೋಡುತ್ತಿದೆ, ಅದಕ್ಕೆ ಕಾರಣ ಅವರದೇ ಬರಹ. ಹೇಗೆ ಹೇಳಲಿ? ಒಂದು ಸೊನ್ನೆಗೆ ಹದಿನೈದು ದಿನ ಮಾತು ಬಿಟ್ಟ ಮನುಷ್ಯ. ಇದಕ್ಕೆ ಎಷ್ಟು ವರ್ಷ ಬಿಡಬಹುದು ಎಂದು ಯಜಮಾನರು ಲೆಕ್ಕ ಹಾಕಿದರು. ಈ ವಯಸ್ಸಿನಲ್ಲಿ ಅಷ್ಟು ವರ್ಷ ಸರ್ವೆಯರಿಗೂ ಉಳಿದಿರಲಿಲ್ಲ, ನನಗೂ. ಸುಮ್ಮನಾದೆ. ಹೇಗಿದ್ದರೂ ಅವರಿಗೆ ಜಪಾನ್ ಸಿಗುತ್ತಿದೆ, ಇಟಲಿ ಸಿಗುತ್ತಿದೆ, ಯಾರ ಗಂಟೇನು ಹೋಯಿತು?

ಫೆಬ್ರವರಿಯಲ್ಲಿ ಆ ದ್ವೀಪದ ಸುದ್ದಿ ಬಂತು. ಪೆಸಿಫಿಕ್ ಸಮುದ್ರದ ನಡುವೆ ಜನವಸತಿಯೇ ಇಲ್ಲದ ಒಂದು ಚೂರು ನೆಲ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ನಾಲ್ಕೈದು ಹ್ಯಾಮಿನವರು ಹಡಗಿನಲ್ಲಿ ಹೋಗಿ, ಡೇರೆ ಹಾಕಿ, ಹತ್ತು ದಿನ ಅಲ್ಲಿಂದ ಮಾತಾಡಿ ಬರುತ್ತಾರೆ. ಹೋದ ಸಲ ಸರ್ವೆಯರು ಡ್ಯೂಟಿಯ ಮೇಲೆ ಹೊಲದಲ್ಲಿದ್ದರು, ತಪ್ಪಿತ್ತು. "ಮುಂದಿನ ಸಲಕ್ಕೆ ನಾ ಇರಂಗಿಲ್ಲ ಮೇಡಂ. ಇದೇ ಕಡೀದು" ಎಂದರು. ದುಃಖದಿಂದಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ.

ಹತ್ತು ದಿನ ನಮ್ಮ ಮನೆಯಲ್ಲಿ ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಬಂದ್. ಮೊದಲ ದಿನ ದ್ವೀಪ ಕೇಳಿಸಲಿಲ್ಲ. ಎರಡನೇ ದಿನ ಇಲ್ಲ. ಐದನೇ ದಿನ ಅವರು ಫೋನಿನಲ್ಲಿ, "ಹುಬ್ಬಳ್ಳಿಯವರಿಗೆ ಸಿಕ್ಕೈತಂತೆ, ಮೈಸೂರಿನವರಿಗೂ ಸಿಕ್ಕೈತಂತೆ" ಎಂದರು. ಏಳನೇ ದಿನ, "ನನ್ನ ಕಿವಿನೇ ಹೋಗಿರಬೇಕು ಮೇಡಂ. ಇದಾದ ಮ್ಯಾಲೆ ಎಲ್ಲ ಇಳಿಸಿಬಿಡೋಣು" ಎಂದವರು 'ಇನ್ನು ನಿಮ್ದು' ಎನ್ನಲಿಲ್ಲ. ಫೋನು ಇಟ್ಟುಬಿಟ್ಟರು.

ನನಗೆ ಅನ್ನ ಸೇರಲಿಲ್ಲ. ಮಾತು ಬಿಟ್ಟರೆ ಬಿಡಲಿ ಎಂದು ಫೋನು ಎತ್ತಿಕೊಂಡೆ, ಮತ್ತೆ ಇಟ್ಟೆ. ಆಗ ನಮ್ಮ ಕಚೇರಿಯ ಪದ್ಧತಿ ನೆನಪಾಯಿತು. ಅಲ್ಲಿ ಯಾರೂ ಯಾರಿಗೂ ನಿಮ್ಮದು ತಪ್ಪು ಎನ್ನುವುದಿಲ್ಲ. ತಿದ್ದುಪಡಿ ಕೋರಿ ಅರ್ಜಿ ಹಾಕುತ್ತಾರೆ. ಬಿಳಿ ಹಾಳೆ ತೆಗೆದು, ಎಡಕ್ಕೆ ಅಂಚು ಬಿಟ್ಟು, ಬರೆದೆ.

"ವಿಷಯ: ಚಕ್ಕುಬಂದಿ ತಿದ್ದುಪಡಿ ಕೋರಿ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ನಿವೇಶನದ ಉತ್ತರಕ್ಕೆ ಇರುವುದಾಗಿ ನಮೂದಾಗಿರುವ ರಸ್ತೆಯು ವಾಸ್ತವದಲ್ಲಿ ಈಶಾನ್ಯಕ್ಕೆ ಇರುವುದು ಕಂಡುಬಂದಿರುತ್ತದೆ. ಆದ್ದರಿಂದ ತಾವು ಸ್ಥಳ ಪರಿಶೀಲನೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಸಹಿ ಹಾಕಿ, ಫೋಟೋ ತೆಗೆದು, ವಾಟ್ಸ್ಯಾಪಿನಲ್ಲಿ ಕಳಿಸಿದೆ. ಒಂದು ಗಂಟೆ ಕಳೆಯಿತು. ಆಮೇಲೆ ಒಂದೇ ಪದ ಬಂತು. "ಸ್ವೀಕರಿಸಿದೆ."

ಮರುದಿನ ಒಂಬತ್ತೂವರೆಗೆ ಗೇಟಿನ ಚಿಲಕ ಸದ್ದಾಯಿತು. ಕೋಲೂರಿಕೊಂಡು ಸರ್ವೆಯರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಹಿತ್ತಾಳೆಯ ಹಳೇ ದಿಕ್ಸೂಚಿ. "ಸ್ಥಳ ಪರಿಶೀಲನೆಗೆ ಬಂದೀನಿ" ಎಂದರು. ಯಜಮಾನರು ಕುರ್ಚಿ ಹಾಕಿದರೂ ಕೂರಲಿಲ್ಲ. ಕಬ್ಬಿಣವಿಲ್ಲದ ಕಡೆ, ಅಂಗಳದ ನಡುವೆ ನಿಂತು, ದಿಕ್ಸೂಚಿಯನ್ನು ಕಣ್ಣಿಗೆ ಹಿಡಿದು ರಸ್ತೆಯನ್ನು ನೋಡಿದರು. ಮತ್ತೆ ನೋಡಿದರು. ಕನ್ನಡಕ ಹಣೆಗೇರಿಸಿ ಮೂರನೇ ಸಲ ನೋಡಿದರು.

"ನಲವತ್ತಮೂರು ಡಿಗ್ರಿ," ಎಂದರು ಕೊನೆಗೆ. "ಪೂರ್ತಿ ಈಶಾನ್ಯ ಅಂತ ಬರೆದೀರಿ ನೀವು. ಪೂರ್ತಿ ಅಲ್ಲ, ಎರಡು ಡಿಗ್ರಿ ಕಮ್ಮಿ."

"ತಪ್ಪಾಯ್ತು" ಎಂದೆ.

ಅವರು ದಿಕ್ಸೂಚಿಯನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತತೊಡಗಿದರು. "ಫಾರಮ್ಮಿನಾಗೆ ನಾಕೇ ಮನಿ ಇದ್ವು ಮೇಡಂ. ಈಶಾನ್ಯ ಬರಿಯಾಕೆ ಜಾಗ ಇರ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು. ನಿಜವೇ. ಆ ಫಾರಮ್ಮುಗಳನ್ನು ಸಾವಿರಗಟ್ಟಲೆ ಕಟ್ಟಿಟ್ಟವಳು ನಾನು. ಅದರಲ್ಲಿ ಲೋಕಕ್ಕೆ ನಾಲ್ಕೇ ದಿಕ್ಕು.

ಇನ್ನು ವೆಲ್ಡಿಂಗಿನವರನ್ನು ಕರೆಸಬೇಕು, ಬೋಲ್ಟ್ ಸಡಿಲಿಸಬೇಕು ಎಂದು ನಾವು ಗಾಬರಿಯಲ್ಲಿದ್ದೆವು. ಅವರಿಗೆ ಅದೇನೂ ಬೇಕಾಗಲಿಲ್ಲ. ಬೇಕಾದ ದಿಕ್ಕಿನಿಂದ ನಲವತ್ತಮೂರು ಕಳೆದು ಒತ್ತಿದರಾಯಿತು. ಮೂರನೇ ತರಗತಿಯ ಲೆಕ್ಕ. ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಸ್ಟೂಲು ಹಾಕಿ, ಬೆನ್ನು ಬಗ್ಗಿಸಿ ಕೂತರು. ಆರು ವರ್ಷ ದೂರದಿಂದ ಆಡಿಸಿದ ರೇಡಿಯೋದ ನಿಜವಾದ ಗುಂಡಿ ಯಾವುದು ಎಂದು ತಡಕಾಡಿದರು. ವಾಲ್ಯೂಮ್ ಎಂದುಕೊಂಡು ಸ್ವಿಚ್ಚನ್ನೇ ಆರಿಸಿದರು. ಯಜಮಾನರು ಮುಖ ಆಚೆ ತಿರುಗಿಸಿಕೊಂಡು ನಕ್ಕರು.

ತಾರಸಿ ಗುರ್ ಎಂದಿತು. ಆಮೇಲೆ ಸ್ಪೀಕರಿನಲ್ಲಿ ಸೋ ಎನ್ನುವ ಸದ್ದಿನ ಒಳಗಿನಿಂದ ಒಂದು ತೆಳ್ಳನೆಯ ಗಂಡು ದನಿ, ಇಂಗ್ಲಿಷಿನಲ್ಲಿ, ಅವಸರದಲ್ಲಿ. ಅದರ ಮೇಲೆ ನೂರಾರು ಜನ ಒಟ್ಟಿಗೆ, ಪರವಾನಗಿಯಲ್ಲಿ ಕೊಟ್ಟ ತಮ್ಮ ಗುರುತಿನ ಅಕ್ಷರಗಳನ್ನು ಕೂಗುತ್ತಿದ್ದರು. ಸರ್ವೆಯರೂ ಕೂಗಿದರು. ಇಪ್ಪತ್ತು ಸಲ, ಮೂವತ್ತು ಸಲ. ದನಿ ಒಡೆಯುತ್ತಾ ಬಂತು. ನಾನು ನೀರು ತಂದೆ. ನೀರು ಕುಡಿದು ಮತ್ತೆ ಕೂಗಿದ್ದೇ, ಆ ತೆಳ್ಳನೆಯ ದನಿ ಅವರ ಗುರುತಿನ ಅಕ್ಷರಗಳನ್ನು ತಪ್ಪಿಲ್ಲದೆ ತಿರುಗಿ ಹೇಳಿತು. ಇವರು ಕೇಳಿಸಿತು ಎಂದರು. ಅವನು ಥ್ಯಾಂಕ್ಯೂ ಎಂದು ಮುಂದಿನವರನ್ನು ಕರೆದ.

"ಇಷ್ಟೇನಾ?" ಎಂದೆ.

"ಇಷ್ಟೇ ಮೇಡಂ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಬಹಳ ಸಂತೋಷವಾಯಿತು, ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.

ಕಾಫಿ ಕುಡಿಯುವಾಗ ಅವರು ಕೇಳಿದರು. "ನಿಮ್ಗೆ ಯಾವಾಗ ಗೊತ್ತಾತು?"

ಮೊನ್ನೆ ಎನ್ನಬಹುದಿತ್ತು. ಬಾಯಿ ಬರಲಿಲ್ಲ. "ಶ್ರಾವಣದಲ್ಲಿ. ಸೋಲಾರ್ ಹಾಕಿಸಿದಾಗ."

ಬೆರಳು ಮಡಚಿ ಎಣಿಸಿದರು. "ಆರು ತಿಂಗ್ಳು."

"ಹೂಂ."

"ನನಗೆ ಹೆದ್ರಿ ಹೇಳಿಲ್ಲ."

ಅವರು ಲೋಟ ಕೆಳಗಿಟ್ಟರು. "ಇಪ್ಪತ್ತೆರಡು ವರ್ಷ ಎದುರಾ ಬದುರಾ ಕುಂತ ನಿಮ್ಗೇ ಹೇಳಾಕೆ ಆಗ್ಲಿಲ್ಲ ಅಂದ್ರೆ, ಬದುವಿನ ಮ್ಯಾಲೆ ಕೈ ಕಟ್ಗೊಂಡು ನಿಂತವ್ರು ಏನ್ ಹೇಳ್ಯಾರು ಮೇಡಂ?" ದ್ವೀಪ ಸಿಕ್ಕಿದ ಸಂತೋಷ ಆ ಮುಖದಿಂದ ಇಳಿದುಹೋಗುವುದನ್ನು ನಾನು ನೋಡಿದೆ. ಐದರ ಬಸ್ಸಿಗೆ ಹೊರಟರು. ಯಜಮಾನರು ನಿಲ್ದಾಣದ ತನಕ ಹೋಗಿ ಹತ್ತಿಸಿ ಬಂದರು.

ಆಮೇಲೆ ಮೊದಲಿನಷ್ಟು ಫೋನು ಬರುತ್ತಿರಲಿಲ್ಲ. ಬಂದಾಗ ಹಿಂದೆ ಗಿರಣಿಯ ಬದಲು ಬಸ್ಸಿನ ಹಾರನ್ನು, ಕುರಿಗಳ ಸದ್ದು. ಎಲ್ಲಿದ್ದೀರಿ ಎಂದರೆ, "ಹಿಂಗೇ, ಹೊರಗೆ" ಎನ್ನುತ್ತಿದ್ದರು. ಈ ಕಾಲಿಟ್ಟುಕೊಂಡು ಎಲ್ಲಿಗೆ ಅಲೆಯುತ್ತಾರೋ ಎಂದು ಯಜಮಾನರು ಗೊಣಗಿದರು.

ಅವರ ಕಾರ್ಯದ ದಿನ ಶಿಕಾರಿಪುರಕ್ಕೆ ಹೋಗಿದ್ದೆವು. ಶಾಮಿಯಾನದ ಕೆಳಗೆ ನನ್ನ ಪಕ್ಕದ ಕುರ್ಚಿಯಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮುದುಕರು ಕೂತಿದ್ದರು. ಈಸೂರಿನ ಕಡೆಯವರಂತೆ. ಸರ್ವೆಯರು ನಿಮಗೆ ಹೇಗೆ ಪರಿಚಯ ಎಂದು ಕೇಳಿದೆ.

"ನಮ್ಮ ಹೊಲ ಅಳ್ದಿದ್ರವ್ವ, ಭಾಳ ವರ್ಷದ ಹಿಂದೆ. ಅವಾಗ ಅವ್ರ ಮುಂದೆ ನಿಂತು ಬಾಯಿ ಬಿಡಾಕೆ ನಮಗೆ ಧೈರ್ಯ ಇರ್ಲಿಲ್ಲ. ಈ ಬ್ಯಾಸಿಗ್ಯಾಗೆ ತಾವೇ ಬಂದಿದ್ರು, ಕೋಲು ಊರ್ಕೊಂಡು. ಬದುವಿನ ಮ್ಯಾಲೆ ನನ್ನ ಪಕ್ಕ ಕುಂತು, 'ಯಜಮಾನ, ಅವತ್ತು ನಾ ಹಾಕಿದ ಗೆರಿ ತಪ್ಪಿತ್ತಾ? ಹೆದ್ರಬ್ಯಾಡ, ಹೇಳು' ಅಂದ್ರು."

"ನೀವೇನಂದ್ರಿ?"

"ಸರಿ ಐತಿ ಅಂದೆ. ಭಾಳ ಖುಷಿ ಆತು ಅವ್ರಿಗೆ. ಮಜ್ಜಿಗಿ ಕುಡ್ದು ಹೋದ್ರು."

ದಾಖಲೆ ಕೋಣೆಯವಳಿಗೆ ಸುಮ್ಮನಿರಲು ಆಗುತ್ತದೆಯೆ? "ಸರಿ ಇತ್ತಾ?" ಎಂದು ಕೇಳಿಯೇಬಿಟ್ಟೆ.

ಮುದುಕರು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಎರಡು ಮಾರು ಆಚೆ ಹೋಗಿತ್ತವ್ವ. ಅವತ್ತು ಹೆದ್ರಿ ಹೇಳಿರ್ಲಿಲ್ಲ. ಈ ಸಲ ಹೆದ್ರಿಕಿ ಇರ್ಲಿಲ್ಲ. ಆದ್ರೆ ಆ ಮುಖ ನೋಡ್ಕೊಂಡು ಹೇಳಾಕೆ ನನ್ನ ಕೈಲಿ ಆಗ್ಲಿಲ್ಲ."